ಪೀಣ್ಯದ ಟೈಪಿಂಗ್ ಅಂಗಡಿ: ಚಾರ್ಜ್‌ಶೀಟ್‌ಗೆ ಉತ್ತರ ಬರೆಸುವವರು ಇಲ್ಲಿಗೆ ಹೋಗಿ

ನಮ್ಮ ಮೆಷಿನ್ ಶಾಪಿನ ಹುಡುಗನೊಬ್ಬ ಅಮಾನತಾದ. ಸೂಪರ್‌ವೈಸರ್‌ಗೆ ಎದುರು ಮಾತಾಡಿದ ಅಂತ ಕಂಪನಿಯಿಂದ ಚಾರ್ಜ್‌ಶೀಟ್, ಅಂದರೆ ಆರೋಪ ಪತ್ರ. ಉತ್ತರಕ್ಕೆ 48 ಗಂಟೆ ಟೈಮ್. ಯೂನಿಯನ್ ಕಡೆಯಿಂದ ಅವನ ಜೊತೆ ವಿಚಾರಣೆಗೆ ಕೂರುವವನು ನಾನು. ರಾತ್ರಿ ಎಂಟಕ್ಕೆ ಪೀಣ್ಯ ಎರಡನೇ ಹಂತದ ಈ ಪುಟ್ಟ ಅಂಗಡಿಗೆ ಹೋದೆವು.

ಅವನ ಕೈ ನಡುಗುತ್ತಿತ್ತು. ಅಂಗಡಿ ನಡೆಸುವ ಮೇಡಂ ಮೊದಲು ಅವನನ್ನು ಸ್ಟೂಲ್ ಮೇಲೆ ಕೂರಿಸಿ ನೀರು ಕೊಟ್ಟರು. ನಾನು ಹೇಳುತ್ತಾ ಹೋದೆ, ಅವರು ನುಡಿ ಸಾಫ್ಟ್‌ವೇರಿನಲ್ಲಿ ಕನ್ನಡದಲ್ಲೇ ಟೈಪ್ ಮಾಡಿದರು. ಮುಗಿದ ಮೇಲೆ ಒಂದೊಂದೇ ಸಾಲು ಜೋರಾಗಿ ಓದಿದರು. "ಅಣ್ಣ, ಚಾರ್ಜ್‌ಶೀಟಲ್ಲಿ 14ನೇ ತಾರೀಕು ಅಂತಿದೆ, ನೀವು 17 ಅಂದ್ರಲ್ಲಾ?" ಎದೆ ಧಸಕ್ಕೆಂದಿತು. 14ರಂದು ಅವನಿಗೆ ವಾರದ ರಜೆ! ಹಾಜರಿ ಪುಸ್ತಕದ ನಕಲು ಕೊಡಿ ಅಂತ ತಕ್ಷಣ ಇನ್ನೊಂದು ಪ್ಯಾರಾ ಸೇರಿಸಿದೆವು.

ಜೀವನಾಧಾರ ಭತ್ಯೆಯ ಅರ್ಜಿಯೂ ಅಲ್ಲೇ ಆಯಿತು. ಅಮಾನತಿನ ಮೊದಲ 90 ದಿನ ಅರ್ಧ ಸಂಬಳ ಸಿಗಬೇಕು. ವಿಚಾರಣೆ ತಡವಾಗಲು ಕಾರ್ಮಿಕ ಕಾರಣ ಅಲ್ಲದಿದ್ದರೆ ಆಮೇಲೆ ಮುಕ್ಕಾಲು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ಸುಮ್ನೆ ಸಾಲ ಮಾಡುತ್ತಾರೆ.

ಪುಟಕ್ಕೆ 30 ರೂಪಾಯಿ. ಜೆರಾಕ್ಸ್ ಮಾತ್ರ ಮಸುಕು, ಅದನ್ನು ಬೇರೆ ಕಡೆ ಮಾಡಿಸಿ. ಆಫೀಸಿನಲ್ಲಿ ಸ್ವೀಕೃತಿ ಸೀಲು ಹಾಕಿಸಲು ಒಂದು ಪ್ರತಿ ಜಾಸ್ತಿ ಇರಲಿ.

ಗುರುವಾರ ವಿಚಾರಣೆಯಲ್ಲಿ ಕಂಪನಿ ಕಡೆಯ ಸಾಕ್ಷಿಗೆ ನಮ್ಮ ಪಾಟೀಸವಾಲು. ನಮ್ಮ ಪ್ರಶ್ನೆಗಳನ್ನೂ ಇವರ ಹತ್ತಿರವೇ ಟೈಪ್ ಮಾಡಿಸುತ್ತೇನೆ.