ಸೀಡರ್, ಲ್ಯಾವೆಂಡರ್, ಅಂಟುಬಲೆ: ನುಸಿ ಯಾವುದಕ್ಕೆ ಬಗ್ಗುತ್ತದೆ?

‘ನೈಸರ್ಗಿಕ ನುಸಿ ನಿವಾರಕ’ ಎಂದು ಬರೆದ ಪೊಟ್ಟಣ ಕೊಳ್ಳುವ ಮುಂಚೆ ಒಂದು ವಿಷಯ ತಲೆಯಲ್ಲಿರಲಿ: ಬಟ್ಟೆ ತಿನ್ನುವುದು ಹಾರಾಡುವ ಪತಂಗವಲ್ಲ, ಅದರ ಮರಿಹುಳು. ಕಪಾಟಿನ ಬಾಗಿಲು ತೆಗೆದೊಡನೆ ಕತ್ತಲ ಮೂಲೆಗೆ ಓಡುತ್ತದಲ್ಲ, ಒಣಹುಲ್ಲಿನ ಬಣ್ಣದ 6ರಿಂದ 8 ಮಿಲಿಮೀಟರ್ ಉದ್ದದ ಪತಂಗ, ಅದು ಏನನ್ನೂ ತಿನ್ನುವುದಿಲ್ಲ. ಹೆಣ್ಣಾದರೆ ಮಡಿಕೆಗಳ ನಡುವೆ 40ರಿಂದ 50 ಮೊಟ್ಟೆ ಇಟ್ಟು ಸಾಯುತ್ತದೆ. ಬೆಚ್ಚಗಿದ್ದರೆ 4ರಿಂದ 10 ದಿನದಲ್ಲಿ ಮರಿ ಹೊರಬರುತ್ತದೆ. ಆಮೇಲೆ ಅದು ಎರಡು ತಿಂಗಳು ಮೇಯಬಹುದು. ತಂಪು ಹೆಚ್ಚಿ ಆಹಾರ ಕಡಿಮೆಯಾದರೆ ಎರಡು ವರ್ಷವೂ ಆಗಬಹುದು. ಹಾಗಾಗಿ ಯಾವ ಸಾಮಾನನ್ನೇ ಆಗಲಿ ತೂಗಬೇಕಾದದ್ದು ಒಂದೇ ಪ್ರಶ್ನೆಯಿಂದ: ಇದು ಮರಿಯನ್ನೂ ಮೊಟ್ಟೆಯನ್ನೂ ಮುಟ್ಟುತ್ತದೆಯೋ, ಇಲ್ಲ ಪತಂಗಕ್ಕೆ ಬರೀ ವಾಸನೆ ತೋರಿಸುತ್ತದೆಯೋ?

ಮೊದಲು ಸೀಡರ್ ತುಂಡು. ಈ ಹೆಸರಲ್ಲಿ ಸಿಗುವ ಮರ ಬಹುಮಟ್ಟಿಗೆ ಉತ್ತರ ಅಮೆರಿಕದ ಕೆಂಪು ಸೀಡರ್; ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಜುನಿಪರ್ ಕುಲದ್ದು, ನಮ್ಮ ದೇವದಾರುವಲ್ಲ. ಇದರ ಎಣ್ಣೆಯ ಆವಿ ಎಳೆ ಮರಿಗಳನ್ನು ಕೊಲ್ಲಬಲ್ಲದು, ಬಲಿತ ಮರಿಗಳ ಮೇಲೆ ಅಷ್ಟೇನೂ ನಡೆಯುವುದಿಲ್ಲ. ಅದಕ್ಕೂ ಆವಿ ಒಳಗೇ ದಟ್ಟವಾಗಿ ನಿಲ್ಲಬೇಕು. ಮುಚ್ಚಳ ಬಿಗಿಯಾಗಿ ಕೂರುವ ಪೆಟ್ಟಿಗೆಯಲ್ಲಿ ನಿಲ್ಲುತ್ತದೆ. ಬಾಗಿಲ ಸುತ್ತ ಬೆರಳು ತೂರುವಷ್ಟು ಸಂದಿರುವ ಕಪಾಟಿನಲ್ಲಿ ಎರಡು ತುಂಡು ತೂಗುಹಾಕಿದರೆ ಅದು ಅಲಂಕಾರ, ಅಷ್ಟೆ.

ಎಣ್ಣೆ ಆರುತ್ತಾ ಹೋದಂತೆ ತುಂಡಿನ ಮೇಲ್ಮೈ ಬೂದುಗಟ್ಟುತ್ತದೆ. ಮೂಗಿನ ಹತ್ತಿರ ಹಿಡಿದರೂ ವಾಸನೆ ಬರದಿದ್ದರೆ ಕೆಲಸ ನಿಂತಿದೆ ಎಂದೇ ಅರ್ಥ. ಆಗ 120 ಅಥವಾ 150 ನಂಬರಿನ ಸ್ಯಾಂಡ್ ಪೇಪರ್ ತೆಗೆದುಕೊಂಡು ಮರದ ಎಳೆಯ ಉದ್ದಕ್ಕೆ ಉಜ್ಜಬೇಕು. ಬೂದು ಪದರ ಪುಡಿಯಾಗಿ ಉದುರಿ ಕೆಳಗಿನ ಕೆಂಪು ಕಾಣುತ್ತದೆ, ಹೊಸದಾಗಿ ಚೆತ್ತಿದ ಪೆನ್ಸಿಲ್ಲಿನ ವಾಸನೆ ಏಳುತ್ತದೆ. ಪುಡಿಯನ್ನು ಒಣಬಟ್ಟೆಯಿಂದ ಒರೆಸಿ ಮತ್ತೆ ಇಡಿ. ಉಜ್ಜಿದರೂ ವಾಸನೆ ಬಾರದಿದ್ದರೆ ಸೀಡರ್ ಎಣ್ಣೆ ಎರಡು ಮೂರು ಹನಿ ಹಾಕಿ ರಾತ್ರಿಯಿಡೀ ಕಾಗದದ ಮೇಲೆ ಆರಲು ಬಿಡಿ. ಹಸಿ ಎಣ್ಣೆ ರೇಷ್ಮೆಗೋ ಉಣ್ಣೆಗೋ ತಾಗಿದರೆ ಹಳದಿ ಕಲೆ ಉಳಿಯುತ್ತದೆ. ವಾರ್ನಿಷ್ ಹೊಡೆದ ಸೀಡರ್ ಹ್ಯಾಂಗರ್ ಮಾತ್ರ ಬೇಡವೇ ಬೇಡ. ಎಣ್ಣೆ ಹೊರಬರುವ ದಾರಿಯನ್ನೇ ವಾರ್ನಿಷ್ ಮುಚ್ಚಿರುತ್ತದೆ.

ಲ್ಯಾವೆಂಡರ್ ಚೀಲ, ಲವಂಗ, ಒಣಗಿದ ಬೇವಿನ ಎಲೆ ಇವೆಲ್ಲ ಒಂದೇ ಸಾಲಿನವು. ಬಟ್ಟೆಗೆ ಒಳ್ಳೆಯ ವಾಸನೆ ಬರುತ್ತದೆ, ಪತಂಗ ಸ್ವಲ್ಪ ಹಿಂಜರಿಯಬಹುದು, ಒಳಗೆ ಆಗಲೇ ಸೇರಿರುವ ಮರಿ ಮೇಯುವುದನ್ನು ನಿಲ್ಲಿಸುವುದಿಲ್ಲ. ಬೇವಿನಲ್ಲಿ ಕೀಟಗಳಿಗೆ ತಾಗುವ ಅಜಾಡಿರಾಕ್ಟಿನ್ ಇದೆ ನಿಜ, ಆದರೆ ಅದು ಮುಖ್ಯವಾಗಿ ಕೀಟದ ಹೊಟ್ಟೆಗೆ ಹೋದಾಗ ಕೆಲಸ ಮಾಡುವಂಥದ್ದು. ಮರಿ ತಿನ್ನುವುದು ಸ್ವೆಟರನ್ನು, ಪಕ್ಕದ ಚೀಲದಲ್ಲಿರುವ ಎಲೆಯನ್ನಲ್ಲ. ಎಲೆ ಇಡಲೇಬೇಕೆಂದರೆ ಮುರಿದಾಗ ಚಟಕ್ಕೆನ್ನುವಷ್ಟು ಒಣಗಿರಲಿ, ಇಲ್ಲದಿದ್ದರೆ ತೇವಕ್ಕೆ ಬೂಷ್ಟು ಹಿಡಿಯುತ್ತದೆ.

ಕರ್ಪೂರ ಗಿಡದಿಂದ ಬಂದದ್ದೆಂದು ನಿರುಪದ್ರವಿ ಎಂದುಕೊಳ್ಳಬೇಡಿ. ಸಣ್ಣ ಮಗು ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರಬಹುದು. ನ್ಯಾಫ್ತಲೀನಿನ ನುಸಿಗುಳಿಗೆ ಇನ್ನೂ ಅಪಾಯ: ಜಿ6ಪಿಡಿ ಎಂಬ, ಕೆಂಪು ರಕ್ತಕಣವನ್ನು ಕಾಯುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಎಳೆಮಕ್ಕಳ ಉಣ್ಣೆ ಬಟ್ಟೆಯ ಹತ್ತಿರ ಇವೆರಡನ್ನೂ ಸುಳಿಯಗೊಡಬೇಡಿ.

ಅಂಟುಬಲೆಗೆ ಮಾತ್ರ ದುಡ್ಡು ಕೊಡಬಹುದು, ಅದರಿಂದ ಏನು ಸಿಗುತ್ತದೆಂದು ತಿಳಿದಿದ್ದರೆ. ರಟ್ಟಿನ ತ್ರಿಕೋನದೊಳಗೆ ಅಂಟು, ನಡುವೆ ಹೆಣ್ಣು ಪತಂಗದ ವಾಸನೆಯ ಫೆರೋಮೋನ್ ಬಿಲ್ಲೆ. ಬೀಳುವುದು ಗಂಡು ಮಾತ್ರ. ಮೊಟ್ಟೆ ಇಡುವ ಹೆಣ್ಣು ಅತ್ತ ತಿರುಗಿಯೂ ನೋಡುವುದಿಲ್ಲ. ಆದ್ದರಿಂದ ಇದು ಮದ್ದಲ್ಲ, ಪತ್ತೆದಾರ. ಪ್ರತಿ ಕಪಾಟಿಗೆ ಒಂದೊಂದು ಇಟ್ಟು ವಾರಕ್ಕೊಮ್ಮೆ ಎಣಿಸಿದರೆ ಯಾವ ಮೂಲೆಯಲ್ಲಿ ಸಂಸಾರ ಬೆಳೆದಿದೆ ಎಂದು ಗೊತ್ತಾಗುತ್ತದೆ. ಇಟ್ಟ ದಿನವನ್ನು ರಟ್ಟಿನ ಮೇಲೆ ಬರೆಯಿರಿ, ಬಿಲ್ಲೆಯ ವಾಸನೆ ಸುಮಾರು ಮೂರು ತಿಂಗಳಿಗೆ ಮುಗಿಯುತ್ತದೆ. ಕೊಳ್ಳುವಾಗ ಪೊಟ್ಟಣದ ಮೇಲೆ ‘ಟಿನಿಯೋಲಾ’ ಎಂಬ, ಬಟ್ಟೆ ನುಸಿಯ ವೈಜ್ಞಾನಿಕ ಹೆಸರಿದೆಯೇ ನೋಡಿ. ಅಡುಗೆಮನೆಯ ಧಾನ್ಯದ ಪತಂಗಕ್ಕೆ ಮಾಡಿದ ಬಲೆಗೆ ಬಟ್ಟೆಯ ನುಸಿ ಬೀಳುವುದಿಲ್ಲ. ಬಲೆ ಬಟ್ಟೆಗೆ ತಾಗದಂತಿರಲಿ, ಆ ಅಂಟು ಬಿಡಿಸಲು ಬರುವುದಿಲ್ಲ.

ಬಲೆ ತೋರಿಸಿದ ಕಡೆ ಬಟ್ಟೆ ಹೊರತೆಗೆದು ಕಾಲರಿನ ಅಡಿ, ಕಂಕುಳ ಹೊಲಿಗೆ, ಜೇಬಿನ ಒಳಮಡಿಕೆ ನೋಡಿ. ಬೆವರು, ಎಣ್ಣೆ, ಊಟದ ಕಲೆ ಇದ್ದಲ್ಲೇ ಮರಿ ಬೆಳೆಯುವುದು. ಬರೀ ಉಣ್ಣೆಯಲ್ಲಿ ಅದಕ್ಕೆ ಬೇಕಾದ ಬಿ ವಿಟಮಿನ್ನು, ಲವಣ ಸಾಲುವುದಿಲ್ಲ. ಜೇಡರ ಎಳೆಯಂಥ ನೂಲಿನ ಕೊಳವೆ, ಸುತ್ತ ಮರಳಿನಂಥ ಹಿಕ್ಕೆ ಕಾಣುತ್ತದೆ. ಕೆಂಪು ಶಾಲು ತಿಂದಿದ್ದರೆ ಹಿಕ್ಕೆಯೂ ಕೆಂಪು, ಅದಕ್ಕೇ ಬೇಗ ಕಣ್ಣಿಗೆ ಬೀಳುವುದಿಲ್ಲ.

ನೈಸರ್ಗಿಕ ಉಪಾಯಗಳಲ್ಲಿ ನಿಜವಾಗಿ ಕೊಲ್ಲುವುದು ಫ್ರೀಜರ್. ಬಟ್ಟೆಯನ್ನು ಪಾಲಿಥಿನ್ ಚೀಲದಲ್ಲಿ ಹಾಕಿ, ಗಾಳಿ ಹೊರದೂಡಿ, ಬಾಯಿ ಭದ್ರ ಮಾಡಿ −18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ. ತೆಳು ಬಟ್ಟೆಗೆ ಮೂರು ದಿನ ಸಾಕು. ದಪ್ಪ ಕೋಟಿನ ನಡುಭಾಗಕ್ಕೆ ಚಳಿ ತಲುಪಲು ಹೊತ್ತು ಹಿಡಿಯುತ್ತದೆ, ಹಾಗಾಗಿ ಒಂದು ವಾರ. ಒಂದರ ಮೇಲೊಂದು ಒತ್ತಿ ತುಂಬಿದರೆ ನಡುವಿನ ಬಟ್ಟೆಯಲ್ಲಿ ಮೊಟ್ಟೆ ಉಳಿದುಬಿಡುತ್ತವೆ. ಹೊರತೆಗೆದ ಮೇಲೆ ಚೀಲವನ್ನು 24 ಗಂಟೆ ಬಿಚ್ಚಬಾರದು. ಆತುರಪಟ್ಟು ಬಿಚ್ಚಿದರೆ ಗಾಳಿಯ ತೇವ ತಣ್ಣಗಿನ ಬಟ್ಟೆಯ ಮೇಲೆ ನೀರಾಗಿ ಕೂರುತ್ತದೆ. ಬಿಸಿನೀರು ತಡೆಯುವ ಬಟ್ಟೆಯಾದರೆ 60 ಡಿಗ್ರಿಯ ಒಗೆತವೂ ಅಷ್ಟೇ ಖಚಿತ, ಆದರೆ ಉಣ್ಣೆ ಮುದುರಿಹೋಗುತ್ತದೆ. ಒಗೆಯಲಾಗದ್ದನ್ನು ಬಿಸಿಲಿಗೆ ಹಾಕಿ ಹೊಲಿಗೆಯ ಉದ್ದಕ್ಕೂ ಬ್ರಷ್‌ನಿಂದ ಉಜ್ಜಿ. ಮೊಟ್ಟೆಗಳು ಉದುರುತ್ತವೆ, ಬೆಳಕು ಸಹಿಸದ ಮರಿಗಳು ಬಟ್ಟೆ ಬಿಟ್ಟು ಬೀಳುತ್ತವೆ.

ಶುಚಿಯಾದ ಬಟ್ಟೆಯನ್ನು ಜಿಪ್ ಚೀಲದಲ್ಲಿಟ್ಟರೆ ವಾಸನೆಯ ಹಂಗೇ ಇಲ್ಲ. ಜಿಪ್ ಮುಗಿಯುವ ತುದಿ ನೋಡಿ ಕೊಳ್ಳಿ: ಆಗತಾನೇ ಹೊರಬಂದ ಮರಿ 1 ಮಿಲಿಮೀಟರ್ ಉದ್ದವೂ ಇರುವುದು ಕಷ್ಟ, ಅಲ್ಲಿ ಬಿಟ್ಟ ಸಣ್ಣ ಸಂದು ಅದಕ್ಕೆ ಹೆಬ್ಬಾಗಿಲು. ಹಾಕಿ ಬಿಚ್ಚಿದ ಬಟ್ಟೆಯನ್ನು ಒಗೆಯದೆ ಒಳಗಿಟ್ಟರೆ ಮೊಟ್ಟೆಯನ್ನೂ ಜೊತೆಗೇ ಸೀಲು ಮಾಡಿದಂತೆ. ಖಾಲಿಯಾದ ಕಪಾಟಿನ ಮೂಲೆ, ಹಲಗೆಯ ಸಂದುಗಳನ್ನು ವ್ಯಾಕ್ಯೂಮ್ ಕ್ಲೀನರಿನ ಸಪೂರ ಮೂತಿಯಿಂದ ಎಳೆದು, ಅದರ ಧೂಳಿನ ಚೀಲವನ್ನು ಕೂಡಲೇ ಮನೆಯಾಚೆ ಹಾಕಿ.

ಯುರೋಪಿನಲ್ಲಿ ಟ್ರೈಕೊಗ್ರಾಮಾ ಎಂಬ ಪುಟ್ಟ ಕಣಜಗಳು ಹೊರಬರುವ ಕಾರ್ಡುಗಳೂ ಮಾರಾಟಕ್ಕಿವೆ. ಅರ್ಧ ಮಿಲಿಮೀಟರ್ ಆಸುಪಾಸಿನ ಈ ಕಣಜ ನುಸಿಯ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ, ಮನುಷ್ಯರನ್ನು ಕುಟುಕುವುದಿಲ್ಲ. ಮರಿಹುಳುವನ್ನು ಅದು ಮುಟ್ಟದ ಕಾರಣ ಎರಡು ಮೂರು ವಾರಕ್ಕೊಮ್ಮೆ ಹೊಸ ಕಾರ್ಡ್ ಬದಲಿಸುತ್ತಾ ಹಲವು ಸುತ್ತು ನಡೆಸಬೇಕು. ಅದೇ ಕಪಾಟಿಗೆ ಕೀಟನಾಶಕ ಸ್ಪ್ರೇ ಹೊಡೆದರೆ ನುಸಿಗಿಂತ ಮೊದಲು ಸಾಯುವುದು ಈ ಕಣಜ.