ಅಂಡರ್‌ಗ್ರೌಂಡ್ ರ‍್ಯಾಪರ್ ಮುಂದಿರುವ ದಾರಿಗಳು: ಸ್ಟ್ರೀಮಿಂಗ್ ಮೇಲೋ, ನೇರ ಮಾರಾಟ ಮೇಲೋ?

ಅಂಡರ್‌ಗ್ರೌಂಡ್ ಹಿಪ್‌ಹಾಪ್ ಕಲಾವಿದರು ಇಂದಿಗೂ ಯಶಸ್ಸು ಕಾಣಬಲ್ಲರೇ ಎಂದು ಕೇಳಿದರೆ, ಖಂಡಿತ ಕಾಣಬಲ್ಲರು ಎಂದೇ ಹೇಳುತ್ತೇನೆ. ಆದರೆ ಹಾಡನ್ನು ಜನರಿಗೆ ಮುಟ್ಟಿಸಲು ಯಾವ ದಾರಿ ಹಿಡಿಯುತ್ತೇವೆ ಎಂಬುದರ ಮೇಲೆ ಫಲ ಬಹಳಷ್ಟು ಬದಲಾಗುತ್ತದೆ. ಸ್ವಂತ ಬೀಟ್ ಕಟ್ಟಿ, ಸ್ವಂತ ಸಾಲು ಬರೆದು ಬಿಡುಗಡೆ ಮಾಡುತ್ತಾ ಬಂದಿರುವ ನಾನು ಸ್ಟ್ರೀಮಿಂಗ್, ನೇರ ಮಾರಾಟ, ಸಣ್ಣ ಲೇಬಲ್ (ಹಾಡು ಪ್ರಕಟಿಸುವ ಸಂಸ್ಥೆ) ಮತ್ತು ಕಿರು ವಿಡಿಯೊ ಎಂಬ ನಾಲ್ಕು ದಾರಿಗಳನ್ನೂ ಬೇರೆ ಬೇರೆ ಬಿಡುಗಡೆಗಳಲ್ಲಿ ಬಳಸಿ ನೋಡಿದ್ದೇನೆ. ನಾನು ಇಟ್ಟುಕೊಂಡಿರುವ ಅಳತೆ ಇಷ್ಟೇ: ಆಲ್ಬಂ ತನ್ನ ಖರ್ಚನ್ನು ತಾನೇ ದುಡಿದುಕೊಂಡು ಮುಂದಿನದಕ್ಕೂ ಒಂದಿಷ್ಟು ಉಳಿಸಬೇಕು, ಮತ್ತು ಮಾಸ್ಟರ್ ಹಕ್ಕು, ಅಂದರೆ ಮೂಲ ಧ್ವನಿಮುದ್ರಣದ ಒಡೆತನ, ಬರೆದವರ ಕೈಯಲ್ಲೇ ಇರಬೇಕು.

ಸ್ಟ್ರೀಮಿಂಗ್ ಎಲ್ಲಕ್ಕಿಂತ ಸುಲಭವಾಗಿ ತೆರೆದುಕೊಳ್ಳುವ ಬಾಗಿಲು. ಡಿಸ್ಟ್ರೊಕಿಡ್‌ನಂಥ ವಿತರಕರು ವಾರ್ಷಿಕ ಶುಲ್ಕಕ್ಕೆ ಎಷ್ಟು ಹಾಡುಗಳನ್ನಾದರೂ ಎಲ್ಲ ವೇದಿಕೆಗಳಿಗೂ ತಲುಪಿಸುತ್ತಾರೆ. ಸಿಡಿ ಬೇಬಿ ಎಂಬ ಇನ್ನೊಂದು ವಿತರಕ ಸಂಸ್ಥೆ ಒಂದು ಸಲದ ಶುಲ್ಕ ಪಡೆದು, ನಂತರ ಬರುವ ಗಳಿಕೆಯಲ್ಲಿ ಶೇ. 9ರಷ್ಟು ಇಟ್ಟುಕೊಳ್ಳುತ್ತದೆ. ವಾರ್ಷಿಕ ಶುಲ್ಕದ ಪದ್ಧತಿಯಲ್ಲಿ, ಪ್ರತ್ಯೇಕ ಹಣ ಕೊಟ್ಟು ಹಾಡನ್ನು ಕಾಯಂ ಮಾಡಿಸಿಕೊಳ್ಳದಿದ್ದರೆ, ಶುಲ್ಕ ನಿಂತ ಮೇಲೆ ಹಾಡೂ ಕೆಳಗಿಳಿಯುತ್ತದೆ ಎಂಬುದನ್ನು ಹೊಸಬರು ಮೊದಲೇ ತಿಳಿದಿರಬೇಕು. ತೊಡಕು ಇರುವುದು ಹಣದ ಲೆಕ್ಕದಲ್ಲಿ. ಒಂದು ಸಲ ಕೇಳಿದರೆ ಇಂತಿಷ್ಟು ಎಂಬ ನಿಗದಿತ ದರ ಸ್ಪಾಟಿಫೈನಲ್ಲಿ ಇಲ್ಲ. ಎಲ್ಲರ ಚಂದಾ ಮತ್ತು ಜಾಹೀರಾತಿನ ಹಣ ಒಂದೇ ಹುಂಡಿಗೆ ಬಿದ್ದು, ಒಟ್ಟು ಕೇಳುವಿಕೆಯಲ್ಲಿ ನಮ್ಮ ಪಾಲು ಎಷ್ಟೋ ಅಷ್ಟು ನಮ್ಮ ಕಡೆಗೆ ಬರುತ್ತದೆ. ಅಂದರೆ ಒಬ್ಬ ಅಭಿಮಾನಿ ತಿಂಗಳಿಡೀ ನನ್ನ ಹಾಡುಗಳನ್ನಷ್ಟೇ ಕೇಳಿದರೂ ಅವರ ಚಂದಾದ ಬಹುಭಾಗ ಜಗತ್ತಿನ ದೊಡ್ಡ ಹೆಸರುಗಳಿಗೇ ಹೋಗುತ್ತದೆ.

2024ರಿಂದ ಇದಕ್ಕೆ ಇನ್ನೊಂದು ನಿಯಮವೂ ಸೇರಿದೆ: ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈನಲ್ಲಿ ಧ್ವನಿಮುದ್ರಣದ ಗೌರವಧನವೇ ಹುಟ್ಟುವುದಿಲ್ಲ. ನನ್ನ ಆಲ್ಬಂ ಒಂದರ ಅಂಕಿ ಅಂಶಗಳ ಪುಟ ತೆರೆದರೆ ಈ ನಿಯಮದ ಪರಿಣಾಮ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಹುಕ್ (ಮತ್ತೆ ಮತ್ತೆ ಬರುವ, ಕಿವಿಗೆ ಅಂಟುವ ಸಾಲು) ಇರುವ ಮೊದಲ ಹಾಡು ಗಡಿಯನ್ನು ಸುಲಭವಾಗಿ ದಾಟಿದೆ. ಆಲ್ಬಂನ ಕತೆಯನ್ನು ಹೊತ್ತಿರುವ ನಡುವಿನ ಹಾಡುಗಳು ದಾಟಿಲ್ಲ. ಕೇಳುವಿಕೆ ಲೆಕ್ಕಕ್ಕೆ ಬರಬೇಕಾದರೆ 30 ಸೆಕೆಂಡ್ ಕಳೆಯಬೇಕಾದ್ದರಿಂದ, ಬೀಟ್ ನಿಧಾನವಾಗಿ ಬಿಚ್ಚಿಕೊಳ್ಳುವ ಪೀಠಿಕೆಯನ್ನು ಕತ್ತರಿಸಿ ನೇರವಾಗಿ ವರ್ಸ್‌ಗೆ ಇಳಿಯುವ ಒತ್ತಡವೂ ಬರವಣಿಗೆಯ ಮೇಲೆ ಬೀಳುತ್ತದೆ. ಸ್ಪಾಟಿಫೈನ ಡಿಸ್ಕವರಿ ಮೋಡ್ ಹಾಡನ್ನು ಹೆಚ್ಚು ಜನರ ಮುಂದಿಡಲು ನೆರವಾಗುತ್ತದೆಯಾದರೂ, ಆ ಮೂಲಕ ಬಂದ ಗಳಿಕೆಯಿಂದ ಶೇ. 30ರಷ್ಟನ್ನು ಮುರಿದುಕೊಳ್ಳುತ್ತದೆ. ಇಷ್ಟಾದರೂ ಸ್ಟ್ರೀಮಿಂಗ್ ಅನ್ನು ನಾನು ಬಿಟ್ಟಿಲ್ಲ, ಏಕೆಂದರೆ ಯಾವ ಊರಿನಲ್ಲಿ ಎಷ್ಟು ಜನ ಕೇಳುತ್ತಿದ್ದಾರೆ ಎಂಬ ಪಟ್ಟಿ ಅಲ್ಲಿ ಸಿಗುತ್ತದೆ. ಕಾರ್ಯಕ್ರಮ ಎಲ್ಲಿ ಇಡಬೇಕು ಎಂದು ತೀರ್ಮಾನಿಸಲು ನನಗೆ ಅದಕ್ಕಿಂತ ಒಳ್ಳೆಯ ಆಧಾರ ಸಿಕ್ಕಿಲ್ಲ.

ನೇರ ಮಾರಾಟದ ಲೆಕ್ಕವೇ ಬೇರೆ. 2008ರಲ್ಲಿ ಆರಂಭವಾದ, ಕಲಾವಿದರು ಕೇಳುಗರಿಗೆ ನೇರವಾಗಿ ಮಾರುವ ತಾಣ ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಶೇ. 15, ಕ್ಯಾಸೆಟ್, ಟೀ ಶರ್ಟ್‌ಗಳಂಥ ವಸ್ತುಗಳಲ್ಲಿ ಶೇ. 10ರಷ್ಟು ತನ್ನ ಪಾಲಾಗಿ ಪಡೆಯುತ್ತದೆ. ಹಣ ಪಾವತಿಯ ಶುಲ್ಕ ಕಳೆದು ಉಳಿದದ್ದು ಕಲಾವಿದರಿಗೆ ಸೇರುತ್ತದೆ. 2020ರ ಮಾರ್ಚ್‌ನಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೇ ಎಂಬ ಆಯ್ದ ಶುಕ್ರವಾರಗಳಂದು ಆ ಪಾಲನ್ನೂ ಬಿಟ್ಟುಕೊಡುತ್ತದೆ. ಕೇಳುಗರ ಸಂಖ್ಯೆಯಲ್ಲಿ ಸ್ಟ್ರೀಮಿಂಗ್‌ನ ಹತ್ತಿರಕ್ಕೂ ಇದು ಬರುವುದಿಲ್ಲ. ನನ್ನ ಆಲ್ಬಂ ಕೊಂಡವರು ಅದನ್ನು ಬೇರೆಡೆ ಕೇಳಿದವರ ಮುಂದೆ ಬೆರಳೆಣಿಕೆಯಷ್ಟು. ಆದರೂ ಹಾಡಿನ ಧ್ವನಿಯನ್ನು ಹದಗೊಳಿಸುವ ಮಿಕ್ಸಿಂಗ್ ಮತ್ತು ಮಾಸ್ಟರಿಂಗ್ ಖರ್ಚನ್ನು ತೀರಿಸಿದ್ದು ಈ ಬೆರಳೆಣಿಕೆಯವರೇ. ಕನಿಷ್ಠ ಬೆಲೆ ಇಟ್ಟು, ಅದಕ್ಕಿಂತ ಹೆಚ್ಚು ಕೊಡುವ ಅವಕಾಶ ತೆರೆದಿಟ್ಟಾಗ ಹಲವರು ಹೆಚ್ಚೇ ಕೊಟ್ಟರು. ಒಬ್ಬರು ಹಣದ ಜೊತೆಗೆ, ಎರಡನೇ ವರ್ಸ್‌ನಲ್ಲಿ ನಾನು ಬೇಕೆಂದೇ ಪ್ರಾಸ ಮುರಿದಿದ್ದ ಸಾಲನ್ನು ಎತ್ತಿ ಬರೆದು, ಅಲ್ಲಿ ಉಸಿರು ಕಟ್ಟಿದಂತಾಯಿತು ಎಂದು ತಿಳಿಸಿದ್ದರು. ಅಷ್ಟು ಹತ್ತಿರದಿಂದ ಕೇಳುವ ಕೇಳುಗರೊಬ್ಬರು ಇದ್ದಾರೆ ಎಂಬುದನ್ನು ಯಾವ ಅಂಕಿ ಅಂಶದ ಪುಟವೂ ನನಗೆ ತೋರಿಸಿರಲಿಲ್ಲ.

ಅಂಡರ್‌ಗ್ರೌಂಡ್ ಹಿಪ್‌ಹಾಪ್ ಕೆಲವೇ ನಿಷ್ಠಾವಂತ ಕೇಳುಗರನ್ನು ನೆಚ್ಚುವ ಈ ತತ್ತ್ವವನ್ನು ಬಹಳ ಹಿಂದೆಯೇ ಕಂಡುಕೊಂಡಿದೆ. ಅಮೆರಿಕದ ರ‍್ಯಾಪರ್ ನಿಪ್ಸಿ ಹಸಲ್ 2013ರಲ್ಲಿ ‘ಕ್ರೆನ್‌ಶಾ’ ಮಿಕ್ಸ್‌ಟೇಪನ್ನು ಅಂತರ್ಜಾಲದಲ್ಲಿ ಉಚಿತವಾಗಿ ಬಿಟ್ಟು, ಅದರ 1,000 ಸಿಡಿಗಳನ್ನು ತಲಾ 100 ಡಾಲರ್‌ಗೆ ಮಾರಾಟಕ್ಕಿಟ್ಟರು. ಅವುಗಳಲ್ಲಿ 100ನ್ನು ಖ್ಯಾತ ರ‍್ಯಾಪರ್ ಜೇ ಝೀ ಒಬ್ಬರೇ ಕೊಂಡರು. ನ್ಯೂಯಾರ್ಕ್‌ನ ಅಗ್ನಿಶಾಮಕ ದಳದಲ್ಲಿ ದುಡಿಯುತ್ತಲೇ ಆಲ್ಬಂ ಮೇಲೆ ಆಲ್ಬಂ ಮಾಡಿ, ತಾವೇ ನಿಂತು ಮಾರುತ್ತಿದ್ದ ‘ಕಾ’ ಎಂಬ ರ‍್ಯಾಪರ್ 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಕೆಲಸ ಬಿಡುವುದೇ ಯಶಸ್ಸಿನ ಗುರುತು ಎಂದು ನಂಬಿದವರು ಅವರ ಬದುಕನ್ನು ಒಮ್ಮೆ ನೋಡಬೇಕು. ಕಲೆಗೆ ಹೊಟ್ಟೆಪಾಡಿನ ಹೊರೆ ಇಲ್ಲದಿದ್ದುದರಿಂದಲೇ ಅವರ ಹಾಡುಗಳಲ್ಲಿ ಡ್ರಮ್ ಕೂಡ ಬಹುಪಾಲು ಇಲ್ಲದಂಥ ಆ ಮೌನಕ್ಕೆ ಜಾಗ ಸಿಕ್ಕಿತು ಎಂದು ನಾನು ಭಾವಿಸುತ್ತೇನೆ.

ನೇರ ಮಾರಾಟಕ್ಕೂ ಅಪಾಯಗಳಿವೆ. ಬ್ಯಾಂಡ್‌ಕ್ಯಾಂಪ್ 2022ರಲ್ಲಿ ವಿಡಿಯೊ ಗೇಮ್ ಕಂಪನಿ ಎಪಿಕ್ ಗೇಮ್ಸ್ ಪಾಲಾಯಿತು, 2023ರಲ್ಲಿ ಸಾಂಗ್‌ಟ್ರೇಡರ್ ಕೈಗೆ ಹೋಯಿತು, ಆಗ ಸುಮಾರು ಅರ್ಧದಷ್ಟು ಸಿಬ್ಬಂದಿ ಕೆಲಸ ಕಳೆದುಕೊಂಡರು. ಆದ್ದರಿಂದ ಕೊಂಡವರ ಇಮೇಲ್ ಪಟ್ಟಿಯನ್ನು ಆಗಾಗ ಇಳಿಸಿ ನಮ್ಮ ಬಳಿ ಇಟ್ಟುಕೊಳ್ಳುವುದು ಕ್ಷೇಮ. ವಿನೈಲ್ (ಗ್ರಾಮಫೋನ್ ತಟ್ಟೆ) ಆಸೆ ಎಲ್ಲರಿಗೂ ಇರುತ್ತದೆ. ಆದರೆ ಕನಿಷ್ಠ ಪ್ರತಿಗಳ ಹಣವನ್ನು ಮುಂಗಡ ಕಟ್ಟಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಕ್ಯಾಸೆಟ್‌ಗೆ ಅಷ್ಟು ಬಂಡವಾಳ ಬೇಡ. ಸ್ಟ್ರೀಮಿಂಗ್ ಮತ್ತು ನೇರ ಮಾರಾಟ ಎಂಬ ಎರಡು ವ್ಯವಸ್ಥೆಗಳ ನಡುವೆ ಸೌಂಡ್‌ಕ್ಲೌಡ್ ನಿಲ್ಲುತ್ತದೆ: 2021ರಲ್ಲಿ ಅದು ಜಾರಿಗೆ ತಂದ ಪದ್ಧತಿಯಲ್ಲಿ ಒಬ್ಬ ಕೇಳುಗರ ಹಣ ಅವರು ಕೇಳಿದ ಕಲಾವಿದರಿಗೇ ಹಂಚಿಕೆಯಾಗುತ್ತದೆ. ಸಣ್ಣ ಆದರೆ ನಿಷ್ಠಾವಂತ ಬಳಗ ಇರುವವರಿಗೆ ಇದು ಹೆಚ್ಚು ನ್ಯಾಯವಾದ ಕ್ರಮ.

ಸಣ್ಣ ಲೇಬಲ್ ಜೊತೆಗಿನ ಅನುಭವವನ್ನು ಚುಟುಕಾಗಿ ಹೇಳಬಹುದು. ಮುಖಪುಟದ ವಿನ್ಯಾಸ, ಪ್ರಚಾರ, ವಿತರಣೆ ಎಲ್ಲವನ್ನೂ ಅವರು ಅಚ್ಚುಕಟ್ಟಾಗಿ ಮಾಡಿದರು. ಆದರೆ ಖರ್ಚು ಮರಳಿ ಬಂದ ಮೇಲಷ್ಟೇ ಲಾಭ ಹಂಚುವ ಒಪ್ಪಂದದಲ್ಲಿ ಆ ಖರ್ಚಿನ ವಿವರ ನನ್ನ ಕೈಗೆ ತಡವಾಗಿ, ಅರೆಬರೆಯಾಗಿ ಬರುತ್ತಿತ್ತು. ಲೇಬಲ್ ಎಂಬ ವ್ಯವಸ್ಥೆಯೇ ಕೆಟ್ಟದ್ದೆಂದು ಇದರ ಅರ್ಥವಲ್ಲ. 1995ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಹುಟ್ಟಿದ ರೈಮ್‌ಸೇಯರ್ಸ್ ಕಲಾವಿದರೇ ಕಟ್ಟಿ ಬೆಳೆಸಿದ ಲೇಬಲ್. ರ‍್ಯಾಪರ್ ಟೆಕ್ ನೈನ್ 1999ರಲ್ಲಿ ಜೊತೆಗಾರರೊಂದಿಗೆ ಕಟ್ಟಿದ ಸ್ಟ್ರೇಂಜ್ ಮ್ಯೂಸಿಕ್ ನಿರಂತರ ಪ್ರವಾಸ ಮತ್ತು ಸರಕಿನ ಮಾರಾಟದಿಂದಲೇ ಗಟ್ಟಿಯಾಯಿತು. ಸಹಿ ಹಾಕುವ ಮುನ್ನ ಮಾಸ್ಟರ್ ಹಕ್ಕು ಎಷ್ಟು ವರ್ಷಕ್ಕೆ ಹೋಗುತ್ತದೆ, ಲೆಕ್ಕಪತ್ರ ಎಷ್ಟು ತಿಂಗಳಿಗೊಮ್ಮೆ ಬರುತ್ತದೆ ಎಂಬ ಎರಡಕ್ಕೂ ಬರಹದಲ್ಲಿ ಉತ್ತರ ಪಡೆಯಬೇಕು.

ಕಿರು ವಿಡಿಯೊಗಳು ಹೆಸರನ್ನು ಬೇಗ ಹಬ್ಬಿಸುತ್ತವೆ, ಅಷ್ಟೇ ಬೇಗ ಮರೆಸುತ್ತವೆ. ನನ್ನ ಒಂದು ತುಣುಕು ಚೆನ್ನಾಗಿ ಓಡಿದಾಗ ಬಂದವರಲ್ಲಿ ಹೆಚ್ಚಿನವರು ಆ ಒಂದು ಸಾಲಿಗೆ ಬಂದವರು, ಆಲ್ಬಂ ಕಡೆಗೆ ತಿರುಗಲಿಲ್ಲ. ವೇದಿಕೆಯ ಮೇಲೆ ನೇರವಾಗಿ ಹಾಡಿದ ತುಣುಕುಗಳು ಮಾತ್ರ ಇದಕ್ಕೆ ಹೊರತಾದವು, ಏಕೆಂದರೆ ಅವುಗಳನ್ನು ನೋಡಿದವರು ಮುಂದಿನ ಕಾರ್ಯಕ್ರಮ ಯಾವಾಗ ಎಂದು ಕೇಳುತ್ತಿದ್ದರು.

ಸ್ವತಂತ್ರ ಗೆಲುವಿಗೆ ಉದಾಹರಣೆಯಾಗಿ ಎಲ್ಲರೂ ಕೊಡುವ ಹೆಸರುಗಳನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಚಾನ್ಸ್ ದ ರ‍್ಯಾಪರ್ ಅವರ ‘ಕಲರಿಂಗ್ ಬುಕ್’ ಬರೀ ಸ್ಟ್ರೀಮಿಂಗ್‌ನಲ್ಲಿ ಬಂದು 2017ರಲ್ಲಿ ಗ್ರ್ಯಾಮಿ ಗೆದ್ದದ್ದು ನಿಜ. ಎರಡು ವಾರಗಳ ವಿಶೇಷ ಹಕ್ಕಿಗಾಗಿ ಆಪಲ್ 5 ಲಕ್ಷ ಡಾಲರ್ ಕೊಟ್ಟಿತ್ತು ಎಂದು ಅವರೇ ತಿಳಿಸಿದ್ದೂ ನಿಜ. ಅದರಿಂದ ಅವರ ಸಾಧನೆ ಕಿರಿದಾಗುವುದಿಲ್ಲ. ಆದರೆ ಅಂಥ ಬೆಂಬಲ ಇಲ್ಲದ ಕಲಾವಿದರು ಅದೇ ದಾರಿಯಿಂದ ಅದೇ ಫಲವನ್ನು ನಿರೀಕ್ಷಿಸುವುದು ಸರಿಯಲ್ಲ.

ಸ್ಯಾಂಪಲ್, ಅಂದರೆ ಬೇರೆಯವರ ಹಾಡಿನ ತುಣುಕು, ಬಳಸುವವರಿಗೆ ಇನ್ನೂ ಒಂದು ಕಟ್ಟುಪಾಡು ಇದೆ. ಮೂಲ ಧ್ವನಿಮುದ್ರಣ ಮತ್ತು ಮೂಲ ರಚನೆ, ಎರಡಕ್ಕೂ ಅನುಮತಿ ಬೇಕು. ಡಿ ಲಾ ಸೋಲ್ ತಂಡದ ಆರಂಭದ ಆಲ್ಬಂಗಳು ಇಂಥ ತೊಡಕುಗಳಿಂದಾಗಿ 2023ರ ಮಾರ್ಚ್‌ವರೆಗೆ ಸ್ಟ್ರೀಮಿಂಗ್‌ಗೆ ಬರಲಾಗಲಿಲ್ಲ ಎಂದರೆ ಇದು ಎಷ್ಟು ಬಿಗಿಯಾದ ಗಂಟು ಎಂದು ತಿಳಿಯುತ್ತದೆ.

ಮುಂದಿನ ಆಲ್ಬಂಗೆ ನಾನು ರ‍್ಯಾಪರ್ ರಾಕ್ ಮಾರ್ಸಿಯಾನೊ ಅನುಸರಿಸಿದ ಕ್ರಮವನ್ನು ಆರಿಸಿಕೊಂಡಿದ್ದೇನೆ. ಅವರು ಹೊಸ ಆಲ್ಬಂಗಳನ್ನು ಮೊದಲು ತಮ್ಮದೇ ಜಾಲತಾಣದಲ್ಲಿ ಮಾರಿ, ನಂತರವೇ ಸ್ಟ್ರೀಮಿಂಗ್‌ಗೆ ಬಿಟ್ಟಿದ್ದಾರೆ. ನಾನೂ ಮೊದಲ ಕೆಲವು ವಾರ ಇಮೇಲ್ ಪಟ್ಟಿಯಲ್ಲಿರುವವರಿಗೆ ಮಾತ್ರ ಡೌನ್‌ಲೋಡ್ ಮತ್ತು ಕ್ಯಾಸೆಟ್ ಮಾರುತ್ತೇನೆ. ಸ್ಯಾಂಪಲ್ ಇಲ್ಲದ ಹಾಡುಗಳನ್ನು ಆಮೇಲೆ ಸ್ಟ್ರೀಮಿಂಗ್‌ಗೆ ಏರಿಸಿ, ಅಲ್ಲಿ ಸಿಗುವ ಊರುಗಳ ಪಟ್ಟಿ ನೋಡಿಕೊಂಡು ಕಾರ್ಯಕ್ರಮಗಳ ದಿನಾಂಕ ಗೊತ್ತು ಮಾಡುತ್ತೇನೆ.