ಡಿಲೀಟ್ ಆದ ನಂಬರ್: ಟ್ರ್ಯಾಶಾ, ಅನ್‌ಡೂನಾ?

ಮೊನ್ನೆ ಬೇಡದ ನಂಬರ್ ಅಳಿಸಲು ಕೂತೆ. ಆಮೇಲೆ ನೋಡಿದರೆ ಉಳಿದದ್ದು ‘ಪ್ಲಂಬರ್ ಹಳೇದು’, ಹೋಗಿದ್ದು ‘ಪ್ಲಂಬರ್ ಹೊಸಬರು’!

ಹೀಗೆ ಒಂದೆರಡು ನಂಬರ್ ಹೋಗಿದ್ದರೆ ಟ್ರ್ಯಾಶೇ ಸಾಕು. ಗೂಗಲ್ ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಟ್ರ್ಯಾಶ್ ಅಥವಾ ಬಿನ್ ತೆರೆದು, ಹೆಸರು ಒತ್ತಿ, ರಿಕವರ್ ಕೊಡಿ. ಅಳಿಸಿದ 30 ದಿನದವರೆಗೆ ಅಲ್ಲೇ ಇರುತ್ತದೆ. ಉಳಿದ ನಂಬರ್‌ಗಳಿಗೆ ಏನೂ ಆಗುವುದಿಲ್ಲ.

ಅದೇ ಆ್ಯಪ್‌ನ ‘ಅನ್‌ಡೂ ಚೇಂಜಸ್’ ಬೇರೆ ಥರ. ಅದು ಇಡೀ ಪಟ್ಟಿಯನ್ನೇ ಹಿಂದಕ್ಕೆ ಒಯ್ಯುತ್ತದೆ: 10 ನಿಮಿಷ, ಒಂದು ಗಂಟೆ, ಒಂದು ವಾರ, ಹೆಚ್ಚೆಂದರೆ 30 ದಿನ. ಸಿಂಕ್ ಎಡವಟ್ಟಾಗಿ ನೂರಾರು ಹೆಸರು ಕಲಸಿಹೋದಾಗ ಇದೇ ಸರಿ. ಆದರೆ ಒಂದು ವಾರ ಹಿಂದೆ ಹೋದರೆ, ಆ ವಾರ ಸೇರಿಸಿದ ಹೊಸ ನಂಬರ್‌ಗಳೂ ಹೋಗುತ್ತವೆ. ಒಬ್ಬ ಪ್ಲಂಬರ್‌ಗಾಗಿ ಸುಮ್ನೆ ಇಷ್ಟೆಲ್ಲ ಯಾಕೆ, ಅಲ್ವಾ? ಮಾಡಲೇಬೇಕಿದ್ದರೆ ಮೊದಲು ಈಗಿನ ಪಟ್ಟಿಯನ್ನು ವಿಸಿಎಫ್ (ಹೆಸರು-ನಂಬರ್ ಉಳಿಸಿಡುವ) ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ.

ಐಫೋನ್‌ನವರಿಗೆ ಐಕ್ಲೌಡ್ ವೆಬ್‌ಸೈಟಿನ ಡೇಟಾ ರಿಕವರಿ ಇದೆ. ಅದೂ ಇಡೀ ಪಟ್ಟಿಯನ್ನೇ ಬದಲಿಸುತ್ತದೆ. ಆದರೆ ಈಗಿನದ್ದನ್ನು ಮೊದಲು ಉಳಿಸಿಟ್ಟುಕೊಳ್ಳುತ್ತದೆ, ಹಾಗಾಗಿ ಭಯ ಕಡಿಮೆ.

ನಂಬರ್ ಬರೀ ಸಿಮ್‌ನಲ್ಲಿದ್ದರೆ ಇವು ಯಾವುದೂ ಕೆಲಸಕ್ಕೆ ಬರುವುದಿಲ್ಲ. ವಾಟ್ಸಾಪ್‌ನ ಹಳೇ ಚಾಟ್ ಹುಡುಕಿ. ಹೆಸರು ಹೋಗಿದ್ದರೂ ಅಲ್ಲಿ ನಂಬರ್ ಕಾಣುತ್ತದೆ. ನನ್ನ ಪ್ಲಂಬರ್ ಕಳಿಸಿದ್ದ ನಲ್ಲಿಯ ಫೋಟೋ ಇನ್ನೂ ಅಲ್ಲೇ ಇತ್ತು.